ಮೊಮ್ಮಗ ಫುಟ್‌ಬಾಲ್ ಕೋಚ್ ಆಗ್ತೀನಿ ಅಂತಾನೆ, ಅದರಲ್ಲಿ ಬದುಕು ನಡೆಯುತ್ತಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿರುವ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳ ಸಂಸಾರ ಅಮೆರಿಕದ ಮಿನ್ನೆಸೋಟದಲ್ಲಿದೆ. ಹದಿನೇಳು ವರ್ಷದ ಮೊಮ್ಮಗ ಅಲ್ಲಿನ ಫುಟ್‌ಬಾಲ್ ಆಡುತ್ತಾನೆ. ಓದಿನಲ್ಲೂ ಚುರುಕು. ಈಗ ನೋಡಿದರೆ, ದೊಡ್ಡ ಯೂನಿವರ್ಸಿಟಿ ಬೇಡ, ಒಂದು ಚಿಕ್ಕ ಕಾಲೇಜಿಗೆ ಸೇರಿ ಆಡುತ್ತೇನೆ, ಮುಂದೆ ಅಂಥದ್ದೇ ಕಾಲೇಜಿನಲ್ಲಿ ಕೋಚ್ ಆಗುತ್ತೇನೆ ಅನ್ನುತ್ತಿದ್ದಾನೆ. ಮಗಳಿಗೆ ನಿದ್ದೆ ಇಲ್ಲ. ಇದೊಂದು ಉದ್ಯೋಗವೇ? ಆ ಆಟದಲ್ಲಿ ತಲೆಗೆ ಪೆಟ್ಟು ಬೀಳುತ್ತದೆ ಅನ್ನುತ್ತಾರೆ, ನಿಜವೇ? ನಾನು ಅವನಿಗೆ ಏನು ಹೇಳಲಿ?

ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಓದಿ ನನಗೆ ಖುಷಿಯೇ ಆಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನನ್ನ ವಿಷಯ. ಅಮೆರಿಕದ ಚಿಕ್ಕ ಕಾಲೇಜುಗಳಲ್ಲಿ ಹತ್ತೊಂಬತ್ತು ವರ್ಷ ಅಥ್ಲೆಟಿಕ್ ಟ್ರೈನರ್ ಆಗಿ ಕೆಲಸ ಮಾಡಿದ್ದೇನೆ. ಆಟಗಾರರ ಪಾದಕ್ಕೆ ಪಟ್ಟಿ ಸುತ್ತುವುದು, ಯಾರಾದರೂ ಬಿದ್ದರೆ ಮೊದಲು ಓಡುವುದು, ಇವನು ಆಡಬಹುದು ಇವನು ಕೂರಬೇಕು ಅಂತ ಹೇಳುವುದು ನನ್ನ ಕೆಲಸ. ನಾನು ಕೋಚ್ ಅಲ್ಲ. ಆದರೆ ಕೋಚ್‌ಗಳ ಪಕ್ಕದಲ್ಲೇ ನಿಂತು ಅವರ ಮನೆ, ಮಕ್ಕಳು, ಸಾಲ, ಸಿಟ್ಟು ಎಲ್ಲ ನೋಡಿದ್ದೇನೆ.

ಆಟದ ಬಗ್ಗೆ ಎರಡು ಮಾತು. ಅಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಾಟ ಅಲ್ಲ. ಮೊಟ್ಟೆ ಆಕಾರದ ಚೆಂಡು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡು ಹಿಡಿದವನನ್ನು ಕೆಡವುವುದಕ್ಕೆ ಟ್ಯಾಕಲ್ ಅನ್ನುತ್ತಾರೆ. ಕಬಡ್ಡಿಯಲ್ಲಿ ರೇಡರ್‌ನ ಸೊಂಟ ಹಿಡಿದು ಕೆಡವುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಇಬ್ಬರೂ ಓಡಿಕೊಂಡು ಬಂದು ಡಿಕ್ಕಿ ಹೊಡೆಯುತ್ತಾರೆ. ನಿಮ್ಮ ಮಗಳ ಭಯ ಹುಟ್ಟುವುದೇ ಅಲ್ಲಿ. ಅದು ಸುಳ್ಳು ಭಯ ಅಲ್ಲ.

ಚಿಕ್ಕ ಕಾಲೇಜು ಅಂದರೆ ಏನು ಅಂತಲೂ ತಿಳಿದಿರಬೇಕು. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. 1973ರಿಂದ ಅದು ಕಾಲೇಜುಗಳನ್ನು ಮೂರು ಡಿವಿಜನ್ ಮಾಡಿದೆ. ಟಿವಿಯಲ್ಲಿ ಕಾಣುವ, ಲಕ್ಷ ಜನ ಸೇರುವ ಸ್ಟೇಡಿಯಂಗಳು ಮೊದಲನೆಯದರಲ್ಲಿ. ನಿಮ್ಮ ಮೊಮ್ಮಗ ಹೇಳುತ್ತಿರುವುದು ಬಹುಶಃ ಮೂರನೆಯ ಡಿವಿಜನ್. ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಅಲ್ಲಿ ಫುಟ್‌ಬಾಲ್ ಆಡುತ್ತವೆ. ಅಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ. ಒಂದು ಡಾಲರೂ ಇಲ್ಲ. ಓದಿನ ಮೇಲೆ, ಮನೆಯ ಆದಾಯದ ಮೇಲೆ ಫೀಸಿನಲ್ಲಿ ಕಡಿತ ಸಿಗಬಹುದು, ಅಷ್ಟೇ. ಹುಡುಗರು ಫೀಸು ಕಟ್ಟಿ, ಬೆಳಿಗ್ಗೆ ಕೆಮಿಸ್ಟ್ರಿ ಲ್ಯಾಬ್ ಮುಗಿಸಿ, ಸಂಜೆ ಮೈದಾನಕ್ಕೆ ಬರುತ್ತಾರೆ. ಅವರನ್ನು ಅಲ್ಲಿಗೆ ಎಳೆದು ತರುವುದು ಆಟದ ಮೇಲಿನ ಆಸೆಯೊಂದೇ. ಅಂಥ ಹುಡುಗರಿಗೆ ಕೋಚ್ ಆಗುವುದು ಬೇರೆಯೇ ತರಹದ ಕೆಲಸ.

ಎಂಥ ಕೆಲಸ ಅಂತ ಹೇಳುವುದಕ್ಕೆ ಒಬ್ಬರ ಕಥೆ ಸಾಕು. ಅದೂ ನಿಮ್ಮ ಮಗಳು ಇರುವ ರಾಜ್ಯದ್ದೇ. ಜಾನ್ ಗಲಾರ್ಡಿ. ಮೊಮ್ಮಗನಿಗೆ ಈ ಹೆಸರು ಹೇಳಿ ನೋಡಿ, ಕಣ್ಣರಳಿಸುತ್ತಾನೆ.

ಗಲಾರ್ಡಿ ಹುಟ್ಟಿದ್ದು 1926ರಲ್ಲಿ, ಕೊಲೊರಾಡೊ ರಾಜ್ಯದ ಟ್ರಿನಿಡಾಡ್ ಅನ್ನುವ ಕಲ್ಲಿದ್ದಲು ಗಣಿಯ ಊರಿನಲ್ಲಿ. ಇಟಲಿಯಿಂದ ಬಂದ ಕುಟುಂಬ. 1943ರಲ್ಲಿ ಅವರು ಹೈಸ್ಕೂಲ್ ತಂಡದ ನಾಯಕ. ವಯಸ್ಸು ಹದಿನಾರು. ಎರಡನೇ ಮಹಾಯುದ್ಧ ನಡೀತಾ ಇತ್ತು. ಶಾಲೆಯ ಕೋಚ್‌ಗೆ ಸೈನ್ಯದಿಂದ ಕರೆ ಬಂತು, ಅವರು ಹೊರಟುಹೋದರು. ಬೇರೆ ಕೋಚ್ ಸಿಗಲಿಲ್ಲ. ಆಟ ನಿಲ್ಲಿಸಿಬಿಡೋಣ ಅಂತ ಶಾಲೆಯವರು ಯೋಚಿಸಿದರು. ಈ ಹುಡುಗ ಹೋಗಿ, ನಾನೇ ನೋಡಿಕೊಳ್ಳುತ್ತೇನೆ ಅಂದ. ಅವರೂ ಒಪ್ಪಿದರು.

ಕೋಚ್ ಆದ ಹುಡುಗ ಮೊದಲು ಮಾಡಿದ್ದೇನು ಗೊತ್ತಾ? ಆಟಗಾರನಾಗಿ ತನಗೆ ಏನೇನು ಹಿಂಸೆ ಅನಿಸಿತ್ತೋ ಅದನ್ನೆಲ್ಲ ತೆಗೆದುಹಾಕಿದ. ಆ ಕಾಲದಲ್ಲಿ ಪ್ರ್ಯಾಕ್ಟೀಸ್ ನಡುವೆ ನೀರು ಕುಡಿಯಬಾರದು ಅನ್ನುವ ನಂಬಿಕೆ ಇತ್ತು. ನೀರು ಕುಡಿದರೆ ಮೆತ್ತಗಾಗುತ್ತಾರಂತೆ. ಇವರು ನೀರು ಕೊಟ್ಟರು. ಬಾತುಕೋಳಿ ಹಾಗೆ ಕುಕ್ಕರಗಾಲಿನಲ್ಲಿ ನಡೆಸುವ ಶಿಕ್ಷೆಯಂಥ ಕಸರತ್ತು ನಿಲ್ಲಿಸಿದರು. ತಂಡ ಗೆಲ್ಲುತ್ತಾ ಹೋಯಿತು. ಮುಂದೆ ಕೊಲೊರಾಡೊ ಕಾಲೇಜಿನಲ್ಲಿ ಓದುವಾಗಲೂ ಅವರು ಹೈಸ್ಕೂಲ್ ಹುಡುಗರಿಗೆ ಕೋಚ್ ಆಗಿಯೇ ಇದ್ದರು.

1949ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಮೊಂಟಾನ ರಾಜ್ಯದ ಹೆಲೆನಾ ಊರಿನ ಕ್ಯಾರೊಲ್ ಕಾಲೇಜು ಅವರನ್ನು ಕರೆಯಿತು. ಅಲ್ಲಿ ಬಾಸ್ಕೆಟ್‌ಬಾಲ್ ಕೂಡ ಅವರ ತಲೆಗೇ ಬಂತು. ಚಿಕ್ಕ ಕಾಲೇಜು ಅಂದರೆ ಹಾಗೆ, ಒಬ್ಬರಿಗೆ ಎರಡು ಮೂರು ಜವಾಬ್ದಾರಿ. ನಾಲ್ಕು ವರ್ಷದಲ್ಲಿ ಫುಟ್‌ಬಾಲ್‌ನಲ್ಲಿ 24 ಗೆಲುವು, 6 ಸೋಲು, 1 ಸಮ. 1953ರಲ್ಲಿ ಮಿನ್ನೆಸೋಟದ ಸೇಂಟ್ ಜಾನ್ಸ್ ಯೂನಿವರ್ಸಿಟಿಗೆ ಬಂದರು. ಆಮೇಲೆ ಎಲ್ಲಿಗೂ ಹೋಗಲಿಲ್ಲ. 2012ರವರೆಗೆ ಅಲ್ಲೇ. ಅರವತ್ತು ಸೀಸನ್.

ಸೇಂಟ್ ಜಾನ್ಸ್ ಇರುವುದು ಕಾಲೇಜ್‌ವಿಲ್ ಅನ್ನುವ ಜಾಗದಲ್ಲಿ. ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳು ಕಟ್ಟಿದ್ದು. ಸುತ್ತ ಕಾಡು, ಕೆರೆ. ನಮ್ಮ ಮಠಗಳು ಕಟ್ಟಿದ ವಿದ್ಯಾಸಂಸ್ಥೆಗಳನ್ನು ನೋಡಿದವರಿಗೆ ಆ ವಾತಾವರಣ ಹೊಸದು ಅನಿಸುವುದಿಲ್ಲ. ಹುಡುಗರು ಎರಡು ಸಾವಿರವೂ ಇಲ್ಲ. ಸ್ಟೇಡಿಯಂ ಒಂದು ಬೋಗುಣಿಯಂಥ ತಗ್ಗಿನಲ್ಲಿದೆ, ಸುತ್ತ ಮರಗಳು. ನಾನು ಒಂದು ಅಕ್ಟೋಬರ್ ಶನಿವಾರ ಅಲ್ಲಿ ಆಟ ನೋಡಿದ್ದೇನೆ. ತೀರಾ ಚಳಿ. ಅಜ್ಜ, ಅಪ್ಪ, ಮಗ, ಮೂರು ತಲೆಮಾರಿನವರು ಒಂದೇ ಕಂಬಳಿ ಹೊದ್ದು ಕೂತಿದ್ದರು. ಮೂವರ ಸ್ವೆಟರ್ ಮೇಲೂ ಅದೇ ಕೆಂಪು ಬಣ್ಣದಲ್ಲಿ ಕಾಲೇಜಿನ ಹೆಸರು.

ಈಗ ಗಲಾರ್ಡಿಯವರ ಪ್ರ್ಯಾಕ್ಟೀಸ್ ಬಗ್ಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಅವರ ಪದ್ಧತಿಯೇ ‘ಬೇಡ’ಗಳದ್ದು. ಪ್ರ್ಯಾಕ್ಟೀಸ್‌ನಲ್ಲಿ ಟ್ಯಾಕಲ್ ಬೇಡ. ಇದು ಎಲ್ಲಕ್ಕಿಂತ ದೊಡ್ಡದು. ವಾರವೆಲ್ಲ ಒಬ್ಬರನ್ನೊಬ್ಬರು ಕೆಡವುವಂತಿಲ್ಲ, ಶನಿವಾರ ಪಂದ್ಯದಲ್ಲಿ ಮಾತ್ರ. ವಿಸಲ್ ಬೇಡ. ತಳ್ಳಿ ತಳ್ಳಿ ಅಭ್ಯಾಸ ಮಾಡುವ ಕಬ್ಬಿಣದ ಬಂಡಿ ಬೇಡ. ಒಂದೂವರೆ ಗಂಟೆಗಿಂತ ಜಾಸ್ತಿ ಪ್ರ್ಯಾಕ್ಟೀಸ್ ಬೇಡ. ಸೊಳ್ಳೆ ಕಾಟ ಜೋರಾಗಿದ್ದರೆ ಒಳಗೆ ನಡೆಯಿರಿ. ಯಾರನ್ನೂ ತಂಡದಿಂದ ತೆಗೆಯುವುದು ಬೇಡ. ಬಂದವರೆಲ್ಲ ತಂಡದವರೇ, ಹಾಗಾಗಿ ನೂರೈವತ್ತಕ್ಕೂ ಹೆಚ್ಚು ಹುಡುಗರು ಇರುತ್ತಿದ್ದರು. ಒಬ್ಬನೇ ನಾಯಕ ಬೇಡ, ಕೊನೆಯ ವರ್ಷದವರೆಲ್ಲ ನಾಯಕರೇ. ಮತ್ತೆ ಇನ್ನೊಂದು, ನನ್ನನ್ನು ಕೋಚ್ ಅಂತ ಕರೆಯುವುದು ಬೇಡ, ಜಾನ್ ಅನ್ನಿ ಸಾಕು.

ಈ ಕೊನೆಯದು ನಮಗೆ ನುಂಗುವುದಕ್ಕೆ ಕಷ್ಟ ಅಲ್ವಾ ಮೇಷ್ಟ್ರೇ? ನಮ್ಮಲ್ಲಿ ಹುಡುಗ ಮೇಷ್ಟ್ರನ್ನು ಹೆಸರು ಹಿಡಿದು ಕರೆದರೆ ಊರೇ ಮಾತಾಡುತ್ತದೆ. ಆದರೆ ಅಲ್ಲಿ ಕೋಚ್ ಅನ್ನುವ ಶಬ್ದದ ಸುತ್ತ ಒಂದು ತರಹದ ಮಿಲಿಟರಿ ಭಯ ಬೆಳೆದಿತ್ತು. ಕೂಗುವುದು, ಬೈಯುವುದು, ಸುಸ್ತಾಗಿ ಬೀಳುವವರೆಗೂ ಓಡಿಸುವುದು. ಗಲಾರ್ಡಿಗೆ ಆ ಭಯ ಬೇಕಿರಲಿಲ್ಲ. ನಿಮಗೆ ಬೇರೆಯವರು ಹೇಗೆ ನಡೆದುಕೊಳ್ಳಬೇಕೋ ಹಾಗೇ ನೀವೂ ಅವರ ಜೊತೆ ನಡೆದುಕೊಳ್ಳಿ ಅನ್ನುವುದೊಂದೇ ಅವರ ತಂಡದ ನಿಯಮ.

ಅವರ ಒಂದು ಡ್ರಿಲ್ ನನಗೆ ಬಹಳ ಇಷ್ಟ. ಬೇರೆ ತಂಡಗಳು ಸಾಲಾಗಿ ನಿಂತು ಬಸ್ಕಿ ಹೊಡೆಯುವ ಹೊತ್ತಿನಲ್ಲಿ ಇವರ ಹುಡುಗರು ಸಾಲಾಗಿ ಹುಲ್ಲಿನ ಮೇಲೆ ಅಂಗಾತ ಮಲಗುತ್ತಿದ್ದರು. ಆಕಾಶ ನೋಡುವುದು. ಪಕ್ಕದವನ ಕಡೆ ತಿರುಗಿ, ಇವತ್ತು ದಿನ ಎಷ್ಟು ಚೆನ್ನಾಗಿದೆ ಅಲ್ವಾ ಅನ್ನುವುದು. ಅಷ್ಟೇ ಡ್ರಿಲ್. ಎದ್ದು ಕೆಲಸ ಶುರು.

ಕೆಲಸ ಅಂದರೆ ಏನು? ಒಂದೇ ಆಟವನ್ನು ಮತ್ತೆ ಮತ್ತೆ ನಡೆದು, ಓಡಿ, ತಪ್ಪು ತಿದ್ದಿಕೊಳ್ಳುವುದು. ಎದುರಾಳಿ ಎಲ್ಲಿ ನಿಂತಿದ್ದಾನೆ, ಅವನ ಪಾದ ಯಾವ ಕಡೆ ತಿರುಗಿದೆ, ಈಗ ಏನು ಬರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಸುವುದು. ಮೈಗಿಂತ ಕಣ್ಣಿಗೆ ಮತ್ತು ತಲೆಗೆ ಪಾಠ ಜಾಸ್ತಿ. ಫಿಲಂ ನೋಡುವುದರಲ್ಲಿ ಮಾತ್ರ ಅವರು ಗಂಟೆಗಳ ಲೆಕ್ಕ ಇಟ್ಟವರಲ್ಲ. ಎದುರಾಳಿಯ ಹಳೆಯ ಪಂದ್ಯಗಳನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕಾಲೇಜಿನಲ್ಲಿ ಫುಟ್‌ಬಾಲ್ ಬಗ್ಗೆಯೇ ಒಂದು ತರಗತಿ ಕೂಡ ದಶಕಗಳ ಕಾಲ ತೆಗೆದುಕೊಂಡರು. ಅದಕ್ಕೇ ನಾನು ಅವರನ್ನು ಮೇಷ್ಟ್ರು ಅನ್ನುವುದು. ನಿಮ್ಮ ಪತ್ರ ಓದಿ ಖುಷಿಯಾಗಿದ್ದೂ ಅದಕ್ಕೇ. ನಿಮ್ಮ ಮೊಮ್ಮಗ ಆರಿಸಿಕೊಳ್ಳುತ್ತಿರುವುದು ನಿಮ್ಮದೇ ಕೆಲಸ. ಕರಿಹಲಗೆ ಬದಲು ಹುಲ್ಲು, ಅಷ್ಟೇ ವ್ಯತ್ಯಾಸ.

ಇಷ್ಟು ಮೃದುವಾಗಿದ್ದರೆ ಗೆದ್ದರಾ ಅಂತ ಕೇಳುತ್ತೀರಿ. ಕೇಳಲೇಬೇಕು. ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲೇ ಅತಿ ಹೆಚ್ಚು ಗೆದ್ದ ಕೋಚ್ ಅವರು. 489 ಗೆಲುವು, 138 ಸೋಲು, 11 ಸಮ. ದೊಡ್ಡ ಯೂನಿವರ್ಸಿಟಿಗಳ ಹೆಸರಾಂತ ಕೋಚ್‌ಗಳೂ ಸೇರಿದಂತೆ ಯಾರೂ ಆ ಸಂಖ್ಯೆ ಮುಟ್ಟಿಲ್ಲ. ನಾಲ್ಕು ರಾಷ್ಟ್ರೀಯ ಚಾಂಪಿಯನ್‌ಶಿಪ್: 1963, 1965, 1976 ಮತ್ತು 2003. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ನಲವತ್ತು ವರ್ಷ. ಅಂದರೆ 1963ರ ಆಟಗಾರನ ಮೊಮ್ಮಗ 2003ರಲ್ಲಿ ಆಡಬಹುದಿತ್ತು.

2003ರ ಸೀಸನ್ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ನವೆಂಬರ್ 8. ಬೆಥೆಲ್ ಕಾಲೇಜಿನ ವಿರುದ್ಧ ಪಂದ್ಯ. ಅಲ್ಲಿಯವರೆಗೆ ಗಲಾರ್ಡಿಯವರ ಗೆಲುವು 408. ಅದು ಲೂಸಿಯಾನದ ಗ್ರಾಂಬ್ಲಿಂಗ್ ಸ್ಟೇಟ್ ಯೂನಿವರ್ಸಿಟಿಯ ಎಡ್ಡಿ ರಾಬಿನ್ಸನ್ ಅವರ ದಾಖಲೆಗೆ ಸಮ. ಆ ಪುಟ್ಟ ಸ್ಟೇಡಿಯಂನಲ್ಲಿ 13 ಸಾವಿರಕ್ಕೂ ಹೆಚ್ಚು ಜನ. ಸೇಂಟ್ ಜಾನ್ಸ್ 29–26ರಿಂದ ಗೆದ್ದಿತು. ಅವರಿಗೆ ಆಗ ಎಪ್ಪತ್ತೇಳು ವರ್ಷ. ಅಲ್ಲಿಗೇ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಫೈನಲ್. ಎದುರಿಗೆ ಒಹಾಯೊ ರಾಜ್ಯದ ಮೌಂಟ್ ಯೂನಿಯನ್, ಸತತ 55 ಪಂದ್ಯ ಗೆದ್ದು ಬಂದ ತಂಡ. ಸೇಂಟ್ ಜಾನ್ಸ್ 24–6ರಿಂದ ಗೆದ್ದಿತು. 14 ಪಂದ್ಯ, 14 ಗೆಲುವು. ವಾರದಲ್ಲಿ ಒಂದು ದಿನವೂ ಟ್ಯಾಕಲ್ ಅಭ್ಯಾಸ ಮಾಡದ ಹುಡುಗರು!

2006ರಲ್ಲಿ ಅವರು ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಮೂರನೇ ಡಿವಿಜನ್‌ನ ಅತ್ಯುತ್ತಮ ಆಟಗಾರನಿಗೆ 1993ರಿಂದ ಕೊಡುವ ಟ್ರೋಫಿಗೆ ಅವರದ್ದೇ ಹೆಸರು. ಕೊನೆಯ ವರ್ಷಗಳಲ್ಲಿ ಸೋಲು ಜಾಸ್ತಿಯಾಯಿತು, ಅದನ್ನೂ ಮುಚ್ಚಿಡಬಾರದು. 2012ರ ನವೆಂಬರ್‌ನಲ್ಲಿ, ಎಂಬತ್ತಾರಕ್ಕೆ, ನಿವೃತ್ತಿ. 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಬಹಳ ವರ್ಷ ಅವರ ಸಹಾಯಕರಾಗಿದ್ದ ಗ್ಯಾರಿ ಫ್ಯಾಶಿಂಗ್ ಅವರ ಜಾಗಕ್ಕೆ ಬಂದರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ಕಾಲೇಜಿನಲ್ಲಿ ಅರವತ್ತು ವರ್ಷ ಅನ್ನುವುದು ಲಕ್ಷಕ್ಕೊಬ್ಬರ ಬದುಕು. ನಾನು ಕಂಡ ಹೆಚ್ಚಿನ ಕೋಚ್‌ಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುತ್ತಿದ್ದರು. ಹೆಡ್ ಕೋಚ್ ಕೆಲಸ ಹೋದರೆ ಸಹಾಯಕರ ಕೆಲಸವೂ ಹೋದಂತೆ. ಮಕ್ಕಳ ಶಾಲೆ ಬದಲಾಗುತ್ತದೆ, ಹೆಂಡತಿ ಹೊಸ ಊರಿನಲ್ಲಿ ಕೆಲಸ ಹುಡುಕಬೇಕು. ಈ ಕೆಲಸ ಹಿಡಿಯುವವನು ಮದುವೆಗೆ ಮುಂಚೆಯೇ ಇದನ್ನು ಹುಡುಗಿಗೆ ಬಾಯಿ ಬಿಟ್ಟು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ವರ್ಷ ಹೇಗೆ ಕಳೆಯುತ್ತದೆ ಅಂತ ಹೇಳುತ್ತೇನೆ. ಆಗಸ್ಟ್‌ನಲ್ಲಿ ಹುಡುಗರು ಬರುತ್ತಾರೆ. ಸೆಪ್ಟೆಂಬರ್‌ನಿಂದ ನವೆಂಬರ್ ಮಧ್ಯದವರೆಗೆ ಹತ್ತು ಪಂದ್ಯ, ಶನಿವಾರ ಶನಿವಾರ. ಗೆಲ್ಲುತ್ತಾ ಹೋದರೆ ಪ್ಲೇಆಫ್. ಇದು ಹೊರಗಿನವರಿಗೆ ಕಾಣುವ ಕೆಲಸ. ಕಾಣದ ಕೆಲಸ ಚಳಿಗಾಲದಲ್ಲಿ ಶುರುವಾಗುತ್ತದೆ: ಮುಂದಿನ ವರ್ಷಕ್ಕೆ ಹುಡುಗರನ್ನು ಹುಡುಕುವುದು. ರಿಕ್ರೂಟಿಂಗ್ ಅನ್ನುತ್ತಾರೆ. ಹೈಸ್ಕೂಲ್‌ನಿಂದ ಹೈಸ್ಕೂಲ್‌ಗೆ ಕಾರಿನಲ್ಲಿ ಹೋಗುವುದು, ರಾತ್ರಿ ಅಪ್ಪ ಅಮ್ಮಂದಿರ ಜೊತೆ ಫೋನು. ಕೊಡಲು ಸ್ಕಾಲರ್‌ಶಿಪ್ ಇಲ್ಲ, ಮಾತು ಮಾತ್ರ ಇದೆ. ಇದರ ಹಿಂದೆ ಒಂದು ಲೆಕ್ಕಾಚಾರವೂ ಇದೆ. ಚಿಕ್ಕ ಖಾಸಗಿ ಕಾಲೇಜುಗಳು ನಡೆಯುವುದು ಹೆಚ್ಚಾಗಿ ಫೀಸಿನ ಮೇಲೆ. ಫುಟ್‌ಬಾಲ್ ತಂಡ ಇದ್ದರೆ ನೂರು ಚಿಲ್ಲರೆ ಹುಡುಗರು ಫೀಸು ಕಟ್ಟಿ ಸೇರುತ್ತಾರೆ. ಹಾಗಾಗಿ ಎಷ್ಟು ಗೆದ್ದೆ ಅನ್ನುವ ಜೊತೆಗೆ ಎಷ್ಟು ಹುಡುಗರನ್ನು ತಂದೆ ಅಂತಲೂ ಆಡಳಿತದವರು ಕೇಳುತ್ತಾರೆ. ಈ ಮಾತನ್ನು ಮೊಮ್ಮಗನಿಗೆ ಯಾವ ಕೋಚೂ ಮೊದಲ ದಿನ ಹೇಳುವುದಿಲ್ಲ. ನೀವು ಹೇಳಿ.

ನಾನು ಕೆಲಸ ಮಾಡಿದ ಒಂದು ಕಾಲೇಜಿನ ಹೆಡ್ ಕೋಚ್ ಶುಕ್ರವಾರ ಸಂಜೆ ತಾವೇ ಬಣ್ಣದ ಗಾಡಿ ತಳ್ಳಿಕೊಂಡು ಮೈದಾನಕ್ಕೆ ಬಿಳಿ ಗೆರೆ ಎಳೆಯುತ್ತಿದ್ದರು. ಐದು ಐದು ಗಜಕ್ಕೊಂದು ಗೆರೆ. ಪಕ್ಕದಲ್ಲಿ ಅವರ ಎಂಟು ವರ್ಷದ ಮಗಳು ದಾರ ಹಿಡಿದು ನಿಂತಿರುತ್ತಿದ್ದಳು, ಗೆರೆ ಸೊಟ್ಟ ಆಗಬಾರದು ಅಂತ. ಭಾನುವಾರ ಬೆಳಿಗ್ಗೆ ನಾನು ಗಾಯಗೊಂಡ ಹುಡುಗರನ್ನು ನೋಡಲು ಹೋದರೆ, ಲಾಂಡ್ರಿ ಕೋಣೆಯಲ್ಲಿ ಅದೇ ಮನುಷ್ಯ. ಕೆಸರಾದ ಜರ್ಸಿಗಳು ಮಷಿನ್ನಿನಲ್ಲಿ ತಿರುಗುತ್ತಿರುತ್ತಿದ್ದವು. ಅವರು ಸ್ಟೂಲಿನ ಮೇಲೆ ಕೂತು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಿಂದಿನ ದಿನದ ಪಂದ್ಯದ ವಿಡಿಯೊ ನೋಡುತ್ತಾ, ಕೈಯಲ್ಲಿ ಸಾಕ್ಸ್ ಜೋಡಿ ಮಾಡುತ್ತಿದ್ದರು. ಆ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಚಿಕ್ಕ ಕಾಲೇಜಿನ ಕೋಚ್ ಅಂದರೆ ನನಗೆ ಆ ಲಾಂಡ್ರಿ ಕೋಣೆಯೇ ನೆನಪಾಗುವುದು.

ಎಡ್ಡಿ ರಾಬಿನ್ಸನ್ ಅವರ ಹೆಸರು ಹೇಳಿದೆನಲ್ಲ, ಅವರ ಬಗ್ಗೆಯೂ ತಿಳಿದಿರಲಿ. 1941ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಗಂಟೆಗೆ 25 ಸೆಂಟ್ ಕೂಲಿಗೆ ಮೇವಿನ ಗಿರಣಿಯಲ್ಲಿ ದುಡಿಯುತ್ತಿದ್ದವರು ಗ್ರಾಂಬ್ಲಿಂಗ್‌ನ ಕೋಚ್ ಆದರು. ಅದು ಕಪ್ಪು ಜನರ ಕಾಲೇಜು. ದಕ್ಷಿಣದಲ್ಲಿ ಆಗ ಬಿಳಿಯರಿಗೆ ಬೇರೆ, ಕಪ್ಪು ಜನಕ್ಕೆ ಬೇರೆ ಅನ್ನುವ ಕಾನೂನು. ದಾರಿಯಲ್ಲಿ ಹೋಟೆಲಿನವರು ಊಟ ಕೊಡುವುದಿಲ್ಲ ಅಂತ ರಾಬಿನ್ಸನ್ ತಂಡಕ್ಕೆ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗುತ್ತಿದ್ದರು. ಮೈದಾನದ ಹುಲ್ಲು ಕತ್ತರಿಸುತ್ತಿದ್ದರು. ಪಂದ್ಯ ಮುಗಿದ ಮೇಲೆ ಪತ್ರಿಕೆಗೆ ವರದಿಯನ್ನೂ ಅವರೇ ಬರೆಯುತ್ತಿದ್ದರು. 1997ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಕೈಯಲ್ಲಿ ಬೆಳೆದ 200ಕ್ಕೂ ಹೆಚ್ಚು ಹುಡುಗರು ವೃತ್ತಿಪರ ಫುಟ್‌ಬಾಲ್‌ಗೆ ಹೋಗಿದ್ದರು.

ಚಿಕ್ಕ ಕಾಲೇಜಿನಿಂದ ಮೇಲೆ ಹೋದವರೂ ಇದ್ದಾರೆ. ಲ್ಯಾನ್ಸ್ ಲೈಪೋಲ್ಡ್ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಎಂಟು ವರ್ಷ ಕೋಚ್ ಆಗಿದ್ದರು. ತಾವು ಓದಿ ಆಡಿದ ಕಾಲೇಜೇ ಅದು. 109 ಗೆಲುವು, 6 ಸೋಲು, ಆರು ಚಾಂಪಿಯನ್‌ಶಿಪ್. ಆಮೇಲೆ ಬಫಲೊ, ಈಗ ಕ್ಯಾನ್ಸಸ್, ಎರಡೂ ಮೊದಲ ಡಿವಿಜನ್. 2025ರ ಫೆಬ್ರುವರಿಯಲ್ಲಿ ವೃತ್ತಿಪರ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಫಿಲಡೆಲ್ಫಿಯ ಈಗಲ್ಸ್ ತಂಡದ ಕೋಚ್ ನಿಕ್ ಸಿರಿಯಾನಿ ಆಡಿದ್ದು ಮೌಂಟ್ ಯೂನಿಯನ್‌ನಲ್ಲಿ, ಮೊದಲು ಕೋಚ್ ಕೆಲಸ ಕಲಿತದ್ದೂ ಅಲ್ಲೇ. ಆದರೆ ಅಲ್ಲಿ ಅವರಿಗೆ ಕಲಿಸಿದ ಲ್ಯಾರಿ ಕೆಹ್ರೆಸ್ ಇದ್ದಾರಲ್ಲ, ಅವರು ಎಲ್ಲೂ ಹೋಗಲಿಲ್ಲ. 27 ಸೀಸನ್, 332 ಗೆಲುವು, ಬರೀ 24 ಸೋಲು, 11 ಚಾಂಪಿಯನ್‌ಶಿಪ್. ಎಲ್ಲವೂ ಅದೇ ಅಲಯನ್ಸ್ ಅನ್ನುವ ಸಣ್ಣ ಊರಿನಲ್ಲಿ. ಮೊಮ್ಮಗ ಯಾರ ಹಾದಿ ಹಿಡಿಯಬೇಕು ಅಂತ ಈಗಲೇ ತೀರ್ಮಾನ ಮಾಡಬೇಕಿಲ್ಲ.

ಈಗ ತಲೆ ಪೆಟ್ಟಿನ ವಿಷಯ. ಇಲ್ಲಿ ನಾನು ಸುತ್ತಿ ಬಳಸಿ ಮಾತಾಡುವುದಿಲ್ಲ. ನಿಜ, ಈ ಆಟದಲ್ಲಿ ತಲೆಗೆ ಪೆಟ್ಟು ಬೀಳುತ್ತದೆ. ಹೆಲ್ಮೆಟ್ ತಲೆಬುರುಡೆ ಒಡೆಯದ ಹಾಗೆ ಕಾಯುತ್ತದೆ. ಒಳಗೆ ಮಿದುಳು ಅಲುಗಾಡುವುದನ್ನು ಪೂರ್ತಿ ತಡೆಯುವುದಿಲ್ಲ. ಒಂದು ದೊಡ್ಡ ಪೆಟ್ಟು ಮಾತ್ರ ಅಲ್ಲ, ವರ್ಷಗಟ್ಟಲೆ ಬೀಳುವ ಸಣ್ಣ ಪೆಟ್ಟುಗಳೂ ಸೇರಿ ಕೆಲವರ ಮಿದುಳು ಹಾಳಾಗಿದೆ. ಅದಕ್ಕೆ ಸಿಟಿಇ ಅನ್ನುವ ಹೆಸರಿದೆ. ಬದುಕಿರುವಾಗ ಅದನ್ನು ಖಚಿತವಾಗಿ ಪತ್ತೆ ಮಾಡುವ ಪರೀಕ್ಷೆ ಇನ್ನೂ ಇಲ್ಲ.

ನನ್ನ ಬದುಕಿನ ಒಂದು ದಿನ ಹೇಳುತ್ತೇನೆ. ಮಳೆ ಬಂದು ನಿಂತ ಒಂದು ಶನಿವಾರ. ಇಪ್ಪತ್ತು ವರ್ಷದ ಹುಡುಗ ಟ್ಯಾಕಲ್ ಮಾಡಿ ಎದ್ದ. ಎದ್ದವನು ಎದುರಾಳಿ ತಂಡದ ಗುಂಪಿನ ಕಡೆ ನಡೆದ. ನಾನು ಓಡಿ ಹೋಗಿ ಕೈ ಹಿಡಿದು ಕರೆತಂದೆ. ಯಾವ ತಿಂಗಳು ಅಂತ ಕೇಳಿದೆ. ನಕ್ಕ, ಉತ್ತರ ಹೇಳಲಿಲ್ಲ. ಅವನ ಹೆಲ್ಮೆಟ್ ತೆಗೆದು ನನ್ನ ಕಾಲಡಿ ಇಟ್ಟುಕೊಂಡೆ. ಕೋಚ್ ಬಂದರು. ಅವನು ಚೆನ್ನಾಗಿದ್ದಾನೆ, ಎರಡು ನಿಮಿಷ ಬಿಡಿ, ಒಳಗೆ ಕಳಿಸುತ್ತೇನೆ ಅಂದರು. ನಾನು ಆಗಲ್ಲ ಅಂದೆ. ಅವರ ದನಿ ಏರಿತು. ಎಲ್ಲರೂ ನೋಡುತ್ತಿದ್ದರು. ನಾನು ಹೆಲ್ಮೆಟ್ ಕೊಡಲಿಲ್ಲ. ಆ ಹುಡುಗ ಮತ್ತೆ ತರಗತಿಯಲ್ಲಿ ಕೂತು ಓದುವಂತಾಗಲು ಐದು ವಾರ ಬೇಕಾಯಿತು. ಆ ವರ್ಷ ಮುಗಿಯುತ್ತಲೇ ನಾನು ಆ ಕೆಲಸ ಬಿಟ್ಟೆ. ಅಲ್ಲಿಂದ ಹೋದ ಕಾಲೇಜಿನಲ್ಲೇ ನನಗೆ ಸಾಕ್ಸ್ ಜೋಡಿಸುವ ಆ ಕೋಚ್ ಸಿಕ್ಕಿದ್ದು. ನನ್ನ ಮಾತಿಗೆ ಒಂದು ಸಲವೂ ಎದುರಾಡಿದವರಲ್ಲ ಅವರು.

ಅಂದರೆ ಹುಡುಗನ ತಲೆ ಎಷ್ಟು ಸುರಕ್ಷಿತ ಅನ್ನುವುದು ಬಹಳ ಮಟ್ಟಿಗೆ ಕೋಚ್ ಎಂಥವರು ಅನ್ನುವುದರ ಮೇಲಿದೆ. ವಾರದಲ್ಲಿ ಆಟ ಒಂದು ದಿನ, ಪ್ರ್ಯಾಕ್ಟೀಸ್ ನಾಲ್ಕೈದು ದಿನ. ಪ್ರ್ಯಾಕ್ಟೀಸ್‌ನಲ್ಲಿ ಟ್ಯಾಕಲ್ ನಿಲ್ಲಿಸಿದರೆ ಎಷ್ಟೊಂದು ಪೆಟ್ಟು ಹಾಗೇ ತಪ್ಪುತ್ತದೆ, ಲೆಕ್ಕ ಹಾಕಿ. ಗಲಾರ್ಡಿ ಇದನ್ನು ಮಾಡುತ್ತಿದ್ದಾಗ ಬೇರೆ ಕೋಚ್‌ಗಳು ಇದು ವಿಚಿತ್ರ ಅಂದುಕೊಂಡಿದ್ದರು. 2010ರಲ್ಲಿ ಡಾರ್ಟ್‌ಮತ್ ಕಾಲೇಜಿನ ಬಡ್ಡಿ ಟೀವೆನ್ಸ್ ತಮ್ಮ ಪ್ರ್ಯಾಕ್ಟೀಸ್‌ನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಟ್ಯಾಕಲ್ ಮಾಡುವುದನ್ನು ನಿಲ್ಲಿಸಿದರು. ಎರಡು ವರ್ಷ ಮುಂಚೆ ಅವರ ತಂಡ ಹತ್ತಕ್ಕೆ ಹತ್ತೂ ಪಂದ್ಯ ಸೋತಿತ್ತು. ಅಂಥ ಹೊತ್ತಿನಲ್ಲಿ ಇಂಥ ತೀರ್ಮಾನಕ್ಕೆ ಎದೆಗಾರಿಕೆ ಬೇಕು. ಮನುಷ್ಯನ ಬದಲು ಮೋಟರ್ ಹಾಕಿದ, ಓಡಾಡುವ ಒಂದು ಬೊಂಬೆಯನ್ನು ಅವರ ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡಿಕೊಟ್ಟರು. ಹುಡುಗರು ಅದನ್ನು ಕೆಡವಿ ಅಭ್ಯಾಸ ಮಾಡಿದರು. 2015ರಲ್ಲಿ ಅದೇ ತಂಡ ಎಂಟು ಹಳೆಯ, ಹೆಸರಾಂತ ವಿದ್ಯಾಸಂಸ್ಥೆಗಳ ಕೂಟವಾದ ಐವಿ ಲೀಗ್‌ನ ಪ್ರಶಸ್ತಿ ಹಂಚಿಕೊಂಡಿತು. 2016ರಲ್ಲಿ ಐವಿ ಲೀಗ್‌ನ ಎಂಟೂ ಕೋಚ್‌ಗಳು ಸೀಸನ್ ನಡುವಿನ ಪ್ರ್ಯಾಕ್ಟೀಸ್‌ನಲ್ಲಿ ಟ್ಯಾಕಲ್ ಬೇಡ ಅಂತ ಒಮ್ಮತಕ್ಕೆ ಬಂದರು.

ಹಾಗಾಗಿ ಆಡಲು ಬಿಡಬೇಕಾ ಬೇಡವಾ ಅನ್ನುವ ತೀರ್ಮಾನ ನಿಮ್ಮ ಮಗಳು ಅಳಿಯನದ್ದು. ಯಾವುದೇ ನಿರ್ಧಾರ ಮಾಡಿದರೂ ಅವರು ತಪ್ಪಿತಸ್ಥರಲ್ಲ. ಬಿಡುವುದಾದರೆ ಕಾಲೇಜು ಆರಿಸುವ ಮುಂಚೆ ಕೋಚ್‌ಗೆ ನೇರವಾಗಿ ಕೇಳಲಿ. ವಾರದಲ್ಲಿ ಎಷ್ಟು ದಿನ ಟ್ಯಾಕಲ್ ಇರುತ್ತದೆ? ಟ್ರೈನರ್ ಬೇಡ ಅಂದರೆ ಕೊನೆಯ ಮಾತು ಯಾರದ್ದು? ನಾಲ್ಕು ವರ್ಷದ ಹಿಂದೆ ಸೇರಿದ ಹುಡುಗರಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿದರು? ಫೀಸಿನ ಕಡಿತ ಎಷ್ಟು ಅನ್ನುವುದನ್ನು ಬಾಯಿ ಮಾತಲ್ಲಿ ಕೇಳಿ ನಂಬಬೇಡಿ, ಕಾಲೇಜಿನ ಕಾಗದ ಕೈಗೆ ಬರಲಿ. ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸುವ ಕೋಚ್ ಇದ್ದರೆ ಆ ಕಾಲೇಜನ್ನು ಅಲ್ಲಿಗೇ ಬಿಟ್ಟುಬಿಡಿ.

ಸಂಪಾದನೆ ಬಗ್ಗೆ. ಟಿವಿಯಲ್ಲಿ ಕೇಳುವ ಕೋಟಿಗಟ್ಟಲೆ ಸಂಬಳ ಮೊದಲ ಡಿವಿಜನ್‌ನ ದೊಡ್ಡ ಯೂನಿವರ್ಸಿಟಿಗಳದ್ದು. ಚಿಕ್ಕ ಕಾಲೇಜಿನ ಹೆಡ್ ಕೋಚ್‌ಗೆ ಸಂಸಾರ ಮರ್ಯಾದೆಯಿಂದ ನಡೆಯುವಷ್ಟು ಬರುತ್ತದೆ, ಮೇಷ್ಟ್ರ ಸಂಸಾರದ ಹಾಗೆ. ಆದರೆ ಅಲ್ಲಿಗೆ ಹೋಗುವವರೆಗಿನ ಹತ್ತು ವರ್ಷ ಕಷ್ಟದ್ದು. ಡಿಗ್ರಿ ಆದ ಮೇಲೆ ಗ್ರಾಜುಯೇಟ್ ಅಸಿಸ್ಟೆಂಟ್ ಅಂತ ಸೇರುತ್ತಾರೆ. ಮಾಸ್ಟರ್ಸ್ ಓದಿನ ಫೀಸು ಕಾಲೇಜು ನೋಡಿಕೊಳ್ಳುತ್ತದೆ, ಕೈಗೆ ಸಣ್ಣ ಮೊತ್ತ ಸಿಗುತ್ತದೆ. ರಾತ್ರಿ ಹನ್ನೆರಡರವರೆಗೆ ಪಂದ್ಯದ ವಿಡಿಯೊ ತುಂಡು ತುಂಡು ಮಾಡಿ ಹೆಸರು ಬರೆದಿಡುವುದು ಅವರ ಪಾಲಿನ ಕೆಲಸ. ಆಮೇಲೆ ಒಂದು ಜಾಗದ ಆಟಗಾರರಿಗೆ ಮಾತ್ರ ಕೋಚ್. ಆಮೇಲೆ ಇಡೀ ದಾಳಿಗೋ ರಕ್ಷಣೆಗೋ ಕೋಆರ್ಡಿನೇಟರ್. ಆಮೇಲೆ, ಅದೃಷ್ಟ ಇದ್ದರೆ, ಹೆಡ್ ಕೋಚ್. ಈ ನಡುವೆ ಎಷ್ಟೋ ಜನ ಬಿಟ್ಟು ಹೋಗುತ್ತಾರೆ.

ಅದಕ್ಕೇ ನಾನು ಒಂದು ಮಾತು ಒತ್ತಿ ಹೇಳುತ್ತೇನೆ. ಅವನು ಗಣಿತವೋ ವಿಜ್ಞಾನವೋ ಚೆನ್ನಾಗಿ ಓದಿ, ಜೊತೆಗೇ ಶಾಲೆಯಲ್ಲಿ ಪಾಠ ಮಾಡುವ ಲೈಸೆನ್ಸ್ ತೆಗೆದುಕೊಳ್ಳಲಿ. ಅಮೆರಿಕದ ಹೈಸ್ಕೂಲ್ ಕೋಚ್‌ಗಳಲ್ಲಿ ಬಹಳ ಜನ ಅದೇ ಶಾಲೆಯ ಮೇಷ್ಟ್ರುಗಳು. ಬೆಳಿಗ್ಗೆ ಬೀಜಗಣಿತ, ಸಂಜೆ ಫುಟ್‌ಬಾಲ್. ಕಾಲೇಜಿನ ಕೆಲಸ ಸಿಗದಿದ್ದರೂ, ಸಿಕ್ಕು ಹೋದರೂ, ಅವನ ಕೈಯಲ್ಲಿ ಒಂದು ಗಟ್ಟಿ ಕೆಲಸ ಇರುತ್ತದೆ. ಈ ವಿಷಯವನ್ನು ಅವನಿಗೆ ಹೇಳಲು ನಿಮಗಿಂತ ಯೋಗ್ಯರು ಇನ್ನಾರಿದ್ದಾರೆ?

ಮತ್ತೆ, ಅವನಿಗೆ ಬೇಡ ಅಂತ ಮಾತ್ರ ಹೇಳಬೇಡಿ. ಬದಲಿಗೆ ನಿಮ್ಮ ಕಥೆ ಹೇಳಿ. ಮೊದಲ ವರ್ಷ ತರಗತಿಗೆ ಹೋದಾಗ ಕೈ ನಡುಗಿದ್ದು, ದಡ್ಡ ಅಂತ ಎಲ್ಲರೂ ಕೈಬಿಟ್ಟ ಹುಡುಗ ಪಾಸಾದದ್ದು, ಹಳೆಯ ವಿದ್ಯಾರ್ಥಿ ಬಸ್ ಸ್ಟ್ಯಾಂಡಿನಲ್ಲಿ ಕಾಲಿಗೆ ಬಿದ್ದದ್ದು. ಸಂಬಳ ಸಾಲದೆ ಟ್ಯೂಷನ್ ಹೇಳಿದ್ದರೆ ಅದನ್ನೂ ಹೇಳಿ. ಅವನು ಕೇಳಿಸಿಕೊಳ್ಳುತ್ತಾನೆ.

ಮುಂದಿನ ಸಲ ಮಗಳ ಮನೆಗೆ ಹೋಗುವುದಿದ್ದರೆ ಸೆಪ್ಟೆಂಬರ್ ಕೊನೆಗೆ ಹೋಗಿ. ಗಟ್ಟಿ ಕೋಟು ಇರಲಿ. ಶನಿವಾರದ ಪಂದ್ಯ ಎಲ್ಲರೂ ನೋಡುತ್ತಾರೆ, ನೀವು ಮಂಗಳವಾರದ ಪ್ರ್ಯಾಕ್ಟೀಸ್ ನೋಡಲು ಅನುಮತಿ ಕೇಳಿ. ಚೆಂಡಿನ ಮೇಲೆ ಕಣ್ಣು ಬೇಡ. ಎಂದೂ ಪಂದ್ಯಕ್ಕೆ ಇಳಿಯದ, ಕೊನೆಯ ಸಾಲಿನ ಹುಡುಗನನ್ನು ಕೋಚ್ ಹೆಸರು ಹಿಡಿದು ಕರೆಯುತ್ತಾರಾ, ತಪ್ಪು ಮಾಡಿದಾಗ ಹತ್ತಿರ ಹೋಗಿ ತೋರಿಸಿಕೊಡುತ್ತಾರಾ, ಸುಮ್ನೆ ದೂರದಿಂದ ಕೂಗುತ್ತಾರಾ ಅಂತ ನೋಡಿ. ನೀವು ಮೂವತ್ತು ವರ್ಷ ತರಗತಿ ನೋಡಿದವರು, ನಿಮಗೆ ಹತ್ತು ನಿಮಿಷ ಸಾಕು. ನೋಡಿ ಬಂದ ಮೇಲೆ ನನಗೂ ಒಂದು ಸಾಲು ಬರೆಯಿರಿ. ಆ ಕಾಲೇಜಿನ ಟ್ರೈನರ್‌ಗೆ ಇನ್ನೇನು ಕೇಳಬೇಕು ಅಂತ ಆಗ ಬರೆದು ಕಳಿಸುತ್ತೇನೆ.